ನಿಧಿ ಎಂದು ನಾನು ಹೇಳಿದ ಮೇಲೆ

ಗಾಜಿನ ಗೂಡಿನೊಳಗೆ ಕೂತು, ಕಿವಿಗೆ ಕಪ್ಪು ಬಟ್ಟಲು ಕವುಚಿ
ಗಂಟೆಗೆ ಇಷ್ಟು ಎಂದು ಮಾತು ದಾಟಿಸುವವಳು ನಾನು.
ಹೋದ ವಾರ ಬೋರ್‌ವೆಲ್ ಪಂಪಿನ ಕೈಪಿಡಿ,
ಅದಕ್ಕೂ ಮೊದಲು ಸಕ್ಕರೆ ಕಾಯಿಲೆಯ ಮಾತ್ರೆಯ ಚೀಟಿ.
ಈ ವಾರ ಕಾಡು.

ಅರಮನೆ ರಸ್ತೆಯ ಹೋಟೆಲು, ಎರಡನೆಯ ಮಹಡಿ.
ನೇಪಾಳ, ಲಾವೋಸ್, ಇಂಡೊನೇಷ್ಯಾದ ಪುಟ್ಟ ಬಾವುಟಗಳು
ಏಸಿಯ ಗಾಳಿಗೆ ಎಲ್ಲವೂ ಒಂದೇ ಕಡೆಗೆ ಬಾಗಿ.
ಪರದೆಯಲ್ಲಿ ಬಾಣ, ಬಾಣದ ತುದಿಗೊಂದು ವೃತ್ತ,
ವೃತ್ತದೊಳಗೆ ಆ ಪದ. ಆರಿಸಲು ಪುರುಸೊತ್ತಿಲ್ಲ,
ಮುಂದಿನ ವಾಕ್ಯ ಆಗಲೇ ಬಾಗಿಲು ಬಡಿಯುತ್ತಿದೆ.
‘ನಿಧಿ’ ಎಂದೆ. ಸಮುದಾಯ ಅರಣ್ಯ ನಿಧಿ.

ಮೂರನೆಯ ಸಾಲಿನಲ್ಲಿ ಜಡೆಕೇತಮ್ಮ ಕಿವಿಯ ಯಂತ್ರ ತೆಗೆದಳು.
ನೆರಳಬಾರೆ ಪೋಡಿನ ಸಮಿತಿಯ ಖಜಾಂಚಿ,
ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಲೆಕ್ಕದ ಪುಸ್ತಕ.
‘ಆ ಗಾಜೊಳಗಿರೊ ಅವ್ವ, ಯಾವ ನಿಧಿ ಅಂದೆ?
ಹೋದ ಮಾಗೀಲಿ ನಮ್ಮ ಕಲ್ಲುಗುಡಿ ತಾವ
ರಾತ್ರಿ ಕಾರಲ್ಲಿ ಬಂದು ಹಾರೆ ಹಾಕುದ್ರು, ನಿಧಿ ಅಂತ.
ದ್ಯಾವ್ರ ಕಲ್ಲು ಎಲ್ಡು ಹೋಳು. ಸಿಕ್ಕುದ್ದು ಇಲಿ ಬಿಲ.
ಬ್ಯಾಡ ಕನವ್ವ, ಕಾಡಿನ ಮಗ್ಗುಲಿಗೆ ಆ ಮಾತ ತರಬ್ಯಾಡ.
ತರದೆ ಆಗದಿಲ್ಲ ಅಂದ್ರೆ ಹೇಳು,
ನಿಮ್ಮ ನಿಧೀಗೆ ಯಾವ ಹಾವು ಕಾವಲು?’

ದಾಟಿಸಿದೆ. ನಿಧಿ ಹೋಗಿ ಹಣವಾಯಿತು,
ಹಾರೆ ಹೋಗಿ ಹಾನಿಯಾಯಿತು,
ಹಾವು ಮಾತ್ರ ಹಾವಾಗಿಯೇ ದಾಟಿ
ಯಾಕೆ ಬಂತೆಂದು ಯಾರಿಗೂ ತಿಳಿಯದೆ ಸಭೆಯಲ್ಲಿ ಹರಿದಾಡಿತು.
ವೇದಿಕೆಯವರು ಬರೆದುಕೊಂಡರು: ವನ್ಯಜೀವಿ ಸಂಘರ್ಷ.
ತುಸು ತಡವಾಗಿ, ಇನ್ನೊಂದು ಭಾಷೆ ಹಾಯ್ದು ಕೇಳಿಸಿಕೊಂಡ
ನೇಪಾಳದ ಸುನ್‌ಮಾಯಾ ತಾಮಾಂಗ್ ಒಬ್ಬಳೇ
ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಊಟಕ್ಕೆ ಕೂತಾಗ ಸುಮಾತ್ರದ ಹೆಂಡ್ರಾ ಹೇಳಿದ,
ನಮ್ಮಲ್ಲಿ ಇದಕ್ಕೆ ‘ದಾನಾ’ ಅಂತೇವೆ.
ಕೇತಮ್ಮನಿಗೆ ಕೇಳಿಸಿದ್ದು ದನ.
ಎಷ್ಟು ಎಂದಳು ಸನ್ನೆಯಲ್ಲಿ. ಅವನು ಹತ್ತು ಬೆರಳು ಬಿಡಿಸಿದ.
‘ಹತ್ತು ದನ ನುಗ್ಗುದ್ರೆ ಚಿಗುರು ಉಳಿದದಾ?’
ನನ್ನ ತಟ್ಟೆಯಲ್ಲಿ ಪಲಾವು ಆರುತ್ತಿತ್ತು.
ತಿದ್ದಲಿಲ್ಲ. ಊಟದ ಹೊತ್ತಿಗೆ ನನಗೆ ಸಂಬಳವಿಲ್ಲ.

ಮಧ್ಯಾಹ್ನ ‘ನಿರ್ವಹಣೆ’. ಅವಳಿಗೆ ನಾಲ್ಕು ನಿಮಿಷ.
ಲಂಟಾನ ಕಿತ್ತ ಹೆಂಗಸರ ಕೈ ಗೀರು, ಬಾರದ ಕೂಲಿ,
ಕೊಂಬೆ ಮುರಿಯದೆ ನೆಲ್ಲಿ ಇಳಿಸುವ ಬಗೆ,
ಅಜ್ಜ ತರಗಿಗೆ ಇಡುತ್ತಿದ್ದ ಮೊಣಕಾಲೆತ್ತರದ ಬೆಂಕಿ,
‘ಈಗ ಇಟ್ರೆ ಕೇಸು. ಇಡದಿದ್ರೆ ಒಂದಿನ ಅದೇ ಹತ್ಕತದೆ, ಮರದೆತ್ತರ.’
ತರಗು ಎಂಬಲ್ಲಿ ನಾನು ತಡವರಿಸಿದೆ.
ಒಣಗಿದ್ದು, ಬಿದ್ದದ್ದು, ಕಾಲಿಟ್ಟರೆ ಸದ್ದು ಮಾಡುವಂಥದ್ದು.
ಒಂದು ಪದಕ್ಕೆ ಇಷ್ಟು ಹೇಳುವಷ್ಟರಲ್ಲಿ
ಅಧ್ಯಕ್ಷರು ಗಂಟೆ ಬಾರಿಸಿದರು.

ಸಂಜೆ ಖರ್ಚು ಮರಳಿಸುವ ಮೇಜು.
ಹೆಂಡ್ರಾನ ವಿಮಾನದ ಚೀಟಿ ಸರಿ, ಸುನ್‌ಮಾಯಾಳದೂ ಸರಿ.
ಕೇತಮ್ಮ ಕೊಟ್ಟದ್ದು ಸರ್ಕಾರಿ ಬಸ್ಸಿನ ಹೆಂಗಸರ ಟಿಕೆಟ್ಟು,
ಮೊತ್ತದ ಕಡೆ ಸೊನ್ನೆ.
ಮೇಜಿನ ಹುಡುಗ ಮೇಲೆ ನೋಡಿದ, ಕೆಳಗೆ ನೋಡಿದ.
ಸೊನ್ನೆಯನ್ನು ಹೇಗೆ ಮರಳಿಸುವುದು?
ಬಿಟ್ಟುಬಿಡಲೂ ಆಗದು, ಹೆಸರು ಪಟ್ಟಿಯಲ್ಲಿದೆ.
‘ಸೊನ್ನೆಗೂ ಸಹಿ ಬೇಕು ಮೇಡಂ, ಹೇಳಿ ಅವರಿಗೆ.’

ಹೇಳುವುದೇನಿತ್ತು, ಕನ್ನಡದಲ್ಲೇ ಹೇಳಿದ್ದ.
ಪೆನ್ನು ಕೊಡವಿ, ನಾಲಿಗೆ ಹಲ್ಲಿಗೆ ಕಚ್ಚಿ
ಒಂದೊಂದೇ ಅಕ್ಷರ ಇಳಿಸಿದಳು: ಜ, ಡೆ, ಕೇ.
ತಮ್ಮ-ದ ಒತ್ತು ಚೌಕದಾಚೆ ಹೋಯಿತು.
ಆಮೇಲೆ ಟಿಕೆಟ್ಟು ವಾಪಸು ಕೇಳಿದಳು.
ಅದು ನಮ್ಮ ಕಡತಕ್ಕೆ ಎಂದ ಹುಡುಗ.
‘ನಮ್ಮ ಪುಸ್ತಕಕ್ಕೂ ಬೇಕಲ್ಲಪ್ಪ. ಬುಧವಾರ ಪೋಡಿನೋರು ಕೇಳ್ತರೆ.’

ಜೆರಾಕ್ಸ್ ಹುಡುಕಿಕೊಂಡು ನಾವಿಬ್ಬರು
ಅರಮನೆ ರಸ್ತೆ ದಾಟಿದೆವು,
ಅವಳ ಕೈ ನನ್ನ ಮುಂಗೈ ಮೇಲೆ, ಸೊನ್ನೆ ಅವಳ ಮುಷ್ಟಿಯಲ್ಲಿ.